ಚಿಕ್ಕಮ್ಮ, ಸ್ಯಾನಿಟೈಸರ್ ಒಂದೇ ಬಾಟಲಿ ಸಾಕು

ಚಿಕ್ಕಮ್ಮ, ಡಿಸೆಂಬರಿನಲ್ಲಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೋಗುತ್ತೇವೆ, ಸ್ಯಾನಿಟೈಸರ್ ಎಷ್ಟು ಬಾಟಲಿ ಬೇಕು ಅಂತ ಕೇಳಿದ್ದೀರಲ್ಲ, ಮಾತಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತೆಂಗಿನಕಾಯಿ ತುರಿಯುತ್ತಾ ಕೇಳಿ. ಹಡಗಿನ ಬಫೆಯಲ್ಲಿ ಕೆಲಸ ಮಾಡಿದವನು ನಾನು, ಈ ವಿಷಯ ಬಂದರೆ ಸುಮ್ನೆ ಇರಲಿಕ್ಕಾಗುವುದಿಲ್ಲ.

ಒಂದೇ ಬಾಟಲಿ ಸಾಕು. ಹಡಗಿನಲ್ಲಿ ಎಲ್ಲರೂ ಹೆದರುವುದು ನೊರೊವೈರಸ್‌ಗೆ. ವಾಂತಿ, ಭೇದಿ, ಹೊಟ್ಟೆನೋವು. ಸ್ಯಾನಿಟೈಸರಿಗೆ ಅದು ಸರಿಯಾಗಿ ಬಗ್ಗುವುದಿಲ್ಲ. ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆದರೆ ನೀರಿನ ಜೊತೆ ಹೋಗುತ್ತದೆ.

ಈಗ ಬಫೆ. ಒಳಗೆ ಬರುವಾಗ ಎಲ್ಲರೂ ಕೈ ತೊಳೆಯುತ್ತಾರೆ. ಆಮೇಲೆ ಊರವರೆಲ್ಲ ಹಿಡಿದ ಅದೇ ಸೌಟು, ಅದೇ ಇಕ್ಕಳ ಹಿಡಿದು ಬಡಿಸಿಕೊಂಡು, ಸೀದಾ ಕೂತು ಚಪಾತಿ ಮುರಿಯುತ್ತಾರೆ! ನಾವು ಕೈಯಲ್ಲೇ ಉಣ್ಣುವವರು ಅಲ್ವಾ? ಹಾಗಾಗಿ ಮೊದಲು ಬಡಿಸಿಕೊಳ್ಳಿ, ತಟ್ಟೆ ಮೇಜಿನ ಮೇಲಿಡಿ, ಚಿಕ್ಕಪ್ಪ ಕಾಯಲಿ, ನೀವು ಕೈ ತೊಳೆದು ಬನ್ನಿ. ಆಮೇಲೆ ಅವರು ಹೋಗಲಿ. ಅನ್ನ ಸ್ವಲ್ಪ ಆರುತ್ತದೆ, ಆರಲಿ. ಬಿಸಿ ಇರಬೇಕಾದ ಪದಾರ್ಥ ಉಗುರುಬೆಚ್ಚಗೆ ಕೂತಿದ್ದರೆ ಮಾತ್ರ ಮುಟ್ಟಬೇಡಿ.

ವಾಂತಿ ಆದರೆ ಮುಚ್ಚಿಡಬೇಡಿ, ಮಾರಾಯ್ತಿ. ಕ್ಯಾಬಿನಿನಲ್ಲಿ ಕೂರಿಸುತ್ತಾರೆ ಅಂತ ಹೆದರಿ ಎಷ್ಟೋ ಜನ ಹೇಳುವುದೇ ಇಲ್ಲ. ಕಾರಿಡಾರಿನಲ್ಲಿ ವಾಂತಿ ಮಾಡಿದವರೊಬ್ಬರು ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡು, ಏನೂ ಆಗದವರ ಹಾಗೆ ಲಿಫ್ಟಿನ ಬಟನ್ ಒತ್ತಿದ್ದನ್ನು ನಾನೇ ನೋಡಿದ್ದೇನೆ. ಅದೇ ಬಟನ್ ಇನ್ನೆಷ್ಟು ಜನ ಒತ್ತಿರಬೇಡ! ವೈರಸ್ ಒಳಗೆ ಹೋದ 12ರಿಂದ 48 ಗಂಟೆಯೊಳಗೆ ಶುರುವಾಗುತ್ತದೆ, ಹೆಚ್ಚಿನವರಿಗೆ 1ರಿಂದ 3 ದಿನದಲ್ಲಿ ಕಡಿಮೆಯಾಗುತ್ತದೆ. ಆದರೆ ಗುಣವಾದ ಮೇಲೂ ಕೆಲವು ದಿನ ಬೇರೆಯವರಿಗೆ ಹರಡುತ್ತದೆ. ಫೋನ್ ಮಾಡಿ ಹೇಳಿದರೆ ಊಟ ಬಾಗಿಲಿಗೇ ಬರುತ್ತದೆ. ನಿಮ್ಮ ವಯಸ್ಸಿಗೆ ಕಷ್ಟ ಕೊಡುವುದು ಮೈಯ ನೀರು ಒಣಗುವುದು, ಅದಕ್ಕೆ ಓಆರ್‌ಎಸ್ ಪ್ಯಾಕೆಟ್ ಇಲ್ಲಿಂದಲೇ ಒಯ್ಯಿರಿ. ಒಂದು ಲೀಟರಿನ ಪ್ಯಾಕೆಟನ್ನು ಒಂದು ಲೀಟರ್ ನೀರಿಗೇ ಹಾಕಬೇಕು, ಒಂದು ಲೋಟಕ್ಕೆ ಸುರಿಯಬೇಡಿ.

ಚಿಕ್ಕಪ್ಪನದ್ದು ಬೇರೆ ಕಥೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲೇ ಅವರ ಮುಖ ಬಾಡಿತ್ತು. ಡಿಸೆಂಬರಿನಲ್ಲಿ ಕಡಲು ಮಳೆಗಾಲದ ಹಾಗೆ ಇರುವುದಿಲ್ಲ, ಆದರೂ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ತಲೆ ತಿರುಗಿದರೆ ಮೊಬೈಲ್ ಬದಿಗಿಟ್ಟು ದೂರದ ದಿಗಂತ ನೋಡಲಿ. ಮಾತ್ರೆಯನ್ನು ತಲೆ ತಿರುಗುವ ಮೊದಲೇ ನುಂಗಬೇಕು. ಆದರೆ ಅವರಿಗೆ ಪ್ರಾಸ್ಟೇಟ್ ತೊಂದರೆ ಇದೆಯಲ್ಲ, ಅಂಥ ಕೆಲವು ಮಾತ್ರೆಯಿಂದ ಮೂತ್ರ ಕಟ್ಟಿಕೊಳ್ಳಬಹುದು. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ಬಿಪಿ, ಶುಗರ್ ಮಾತ್ರೆ ಎಲ್ಲ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಹತ್ತುವಾಗಲೇ ತೆಗೆದುಕೊಳ್ಳುತ್ತಾರೆ, ಕ್ಯಾಬಿನಿಗೆ ಬರಲು ಗಂಟೆಗಟ್ಟಲೆ ಆಗುತ್ತದೆ. ಹಡಗಿನ ಡಾಕ್ಟರು ಧರ್ಮಕ್ಕೆ ನೋಡುವುದಿಲ್ಲ, ವಿಮೆ ಹಡಗಿಗೂ ನಡೆಯುತ್ತದಾ ಅಂತ ಮೊದಲೇ ಕೇಳಿ. ಡಾಕ್ಟರ ಚೀಟಿಯ ಫೋಟೋ ನನಗೆ ಕಳಿಸಿ. ಗ್ರೂಪಿಗೆ ಬೇಡ, ಆಮೇಲೆ ಒಬ್ಬೊಬ್ಬರೂ ಒಂದೊಂದು ಮದ್ದು ಹೇಳುತ್ತಾರೆ.