ಜಾವಾದ ಹಳ್ಳಿಯಲ್ಲಿ ವಿದೇಶಿಯರು ಮನೆ ಕೊಳ್ಳಬಹುದೇ?

ಪ್ರಶ್ನೆ: ಮೆರಾಪಿ ಪರ್ವತದ ತಪ್ಪಲಿನ ಹಳ್ಳಿಯೊಂದರಲ್ಲಿ ಎರಡು ವಾರ ತಂಗಿದ್ದೆ. ಬೆಳಗಿನ ಜಾವ ಕಾಲುವೆಯ ನೀರು ಬದು ದಾಟಿ ಗದ್ದೆಗಿಳಿಯುವ ಸದ್ದು ಇನ್ನೂ ಕಿವಿಯಲ್ಲಿದೆ. ವಿದೇಶಿಯನಾದ ನಾನು ಅಲ್ಲಿ ಪುಟ್ಟ ಮನೆ ಕೊಳ್ಳಬಹುದೇ?

ಉತ್ತರ: 1960ರ ಭೂ ಕಾನೂನಿನಂತೆ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಇಂಡೊನೇಷ್ಯಾದ ಪ್ರಜೆಗಳಿಗೆ ಮೀಸಲು, ಅಲ್ಲಿ ನೆಲೆಸಲು ಪರವಾನಗಿ ಪಡೆದ ವಿದೇಶಿಯರಿಗೆ ‘ಹಕ್ ಪಕೈ’ ಎಂಬ, ನಿಗದಿತ ಅವಧಿಯ ಬಳಕೆಯ ಹಕ್ಕು ದೊರೆಯಬಹುದು. ಸ್ಥಳೀಯರ ಹೆಸರಿನಲ್ಲಿ ಖರೀದಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಕಾನೂನು ತಪ್ಪಿಸುವ ಅಂಥ ವ್ಯವಹಾರ ಅಸಿಂಧುವಾಗುತ್ತದೆ, ಕೊಟ್ಟ ಹಣವನ್ನೂ ಮರಳಿ ಕೇಳುವಂತಿಲ್ಲ.

ಮತ್ತೊಂದು ಉತ್ತರ: ಮೊದಲು ಬಾಡಿಗೆಗಿದ್ದು ನೋಡಿ. ಹೊಸಬರು 24 ಗಂಟೆಯೊಳಗೆ ನೆರೆಹೊರೆಯ ಮುಖ್ಯಸ್ಥರಾದ ‘ಪಾಕ್ ಎರ್‌ಟೆ’ಯವರಿಗೆ ತಿಳಿಸುವುದು ರೂಢಿ. ಕಾಲುವೆ ಸ್ವಚ್ಛಗೊಳಿಸುವ ‘ಕೆರ್ಜಾ ಬಕ್ತಿ’ ಎಂಬ ಊರವರ ಶ್ರಮದಾನಕ್ಕೆ ನೀವೂ ಗುದ್ದಲಿ ಹಿಡಿದು ಹೋಗಿ.

ಪ್ರಶ್ನೆ ಕೇಳಿದವರು: ಕೃತಜ್ಞತೆಗಳು. ಸದ್ಯ ಒಂದು ವರ್ಷ ಬಾಡಿಗೆಗೇ ಇರುತ್ತೇನೆ.