ಅಪ್‌ಡೇಟ್: ಹಾರ್ಮೋನಿಯಂ ಎಸ್‌ಎಫ್‌ಝಡ್ ಆಯ್ತು

ನಮ್ಮ ಡೊಂಬಿವಲಿ ಭಜನಾ ಮಂಡಳಿಗೆ ಹಾರ್ಮೋನಿಯಂ ಎಸ್‌ಎಫ್2 ಫೈಲನ್ನು (ವಾದ್ಯದ ಧ್ವನಿಗಳೆಲ್ಲ ಒಂದರಲ್ಲೇ ಇರುವ ಸೌಂಡ್‌ಫಾಂಟ್) ಪಾಲಿಫೋನ್ ಎಂಬ ಸೌಂಡ್‌ಫಾಂಟ್ ಎಡಿಟರ್‌ನಲ್ಲಿ ಎಸ್‌ಎಫ್‌ಝಡ್ (ವಿವರ ಒಂದು ಫೈಲಿನಲ್ಲಿ, ಧ್ವನಿ ಬೇರೆ ಫೈಲುಗಳಲ್ಲಿ ಇರುವ ರೂಪ) ಮಾಡುವುದು ಹೇಗೆ, ಎಕ್ಸ್‌ಪೋರ್ಟ್‌ನಲ್ಲಿ ಏನೇನು ಟಿಕ್ ಮಾಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜಿಎಂ ಸಾರ್ಟ್, ಅಂದ್ರೆ ಜನರಲ್ ಮಿಡಿ (ವಾದ್ಯಗಳಿಗೆ ನಂಬರ್ ಕೊಟ್ಟ ಪ್ರಮಾಣಿತ ಪಟ್ಟಿ) ಪ್ರಕಾರ ಫೋಲ್ಡರುಗಳಿಗೆ ಹಂಚುವ ಆಯ್ಕೆಯ ಟಿಕ್ ತೆಗೆದೆ. ಅದು ಪ್ರಿಸೆಟ್ (ಫೈಲಿನಲ್ಲಿರುವ ಒಂದೊಂದು ವಾದ್ಯ) ನಂಬರ್ ಮಾತ್ರ ನೋಡುತ್ತದೆ, ಹೆಸರನ್ನಲ್ಲ. ನಮ್ಮ ಹಾರ್ಮೋನಿಯಂ ಸೊನ್ನೆಯಲ್ಲಿತ್ತು, ಜನರಲ್ ಮಿಡಿಯಲ್ಲಿ ಅದು ಪಿಯಾನೋ ಜಾಗ. ಹಾಗಾಗಿ ಪಾಪ, ಪಿಯಾನೋ ಫೋಲ್ಡರಿಗೆ ಹೋಗಿ ಕೂತಿತ್ತು! ಹೆಸರಿನ ಮುಂದೆ ನಂಬರ್ ಹಾಕುವ ಆಯ್ಕೆ ಮಾತ್ರ ಇಟ್ಟುಕೊಂಡೆ. ಒಂದೇ ಬ್ಯಾಂಕ್ (ಪ್ರಿಸೆಟ್‌ಗಳ ಗುಂಪು) ಇರುವಾಗ ಬ್ಯಾಂಕಿಗೊಂದು ಫೋಲ್ಡರ್ ಸುಮ್ನೆ ದಂಡ.

ಎಸ್‌ಎಫ್‌ಝಡ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಬರೀ ಅಕ್ಷರ. ಯಾವ ಕೀಗೆ ಯಾವ ವೇವ್ ಫೈಲ್, ಲೂಪ್ (ಸ್ವರ ಹಿಡಿದಾಗ ಮತ್ತೆ ಮತ್ತೆ ನುಡಿಯುವ ಭಾಗ) ಎಲ್ಲಿಂದ ಎಲ್ಲಿಗೆ ಅಂತ ಸಾಲು ಸಾಲಾಗಿ ಇರುತ್ತದೆ. ಧ್ವನಿ ಇರುವುದು ಪಕ್ಕದ ಫೋಲ್ಡರಿನಲ್ಲಿ. ಗೆಳೆಯರಿಗೆ ಕಳಿಸುವಾಗ ಎರಡನ್ನೂ ಜಿಪ್ ಮಾಡಿಯೇ ಕಳಿಸಿ, ಇಲ್ಲದಿದ್ರೆ ಸದ್ದೇ ಬರಲ್ಲ.

ಎಸ್‌ಎಫ್‌ಝಡ್ ನುಡಿಸುವ ಸ್ಫೋರ್ಜಾಂಡೋ ಎಂಬ ಸಾಫ್ಟ್‌ವೇರ್‌ನಲ್ಲಿ ನುಡಿಸಿದೆವು. ಸ್ವರ ಒತ್ತಿ ಹಿಡಿದರೂ ಲೂಪ್ ಕಡಿಯಲಿಲ್ಲ.

ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ಸಾಫ್ಟ್‌ವೇರ್ ಬಳಸುವವರಿಗೆ ಎಸ್‌ಎಫ್3 (ಎಸ್‌ಎಫ್2ರ ಕುಗ್ಗಿಸಿದ ರೂಪ) ಸಾಕು. ಅದು ಧ್ವನಿಯನ್ನು ಆಗ್ ವಾರ್ಬಿಸ್ ಎಂಬ ಆಡಿಯೋ ವಿಧಾನದಲ್ಲಿ ಕುಗ್ಗಿಸುತ್ತದೆ, ಫೈಲ್ ಚಿಕ್ಕದಾಗುತ್ತದೆ. ಆದರೆ ಮೂಲ ಎಸ್‌ಎಫ್2 ಅಳಿಸಬೇಡಿ. ಕುಗ್ಗಿಸುವಾಗ ಹೋದ ಧ್ವನಿ ವಾಪಸ್ ಬರಲ್ಲ ಅಲ್ವಾ.