ಮನೇಲಿ ಮಾಡಿದ ಗೇಮ್ ಕಂಟ್ರೋಲರ್: ಕೈ ಹತ್ರ ತಂದ್ರೆ ಸಾಕು, ಬಟನ್ ತಾನೇ ಒತ್ಕೊಳ್ಳುತ್ತೆ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ತಮ್ಮನಿಗೆ ಅಂತ ಆರ್ಡುಯಿನೊ ಲಿಯೊನಾರ್ಡೊ ಅನ್ನೋ ಕೋಡ್ ಹಾಕೋ ಚಿಕ್ಕ ಬೋರ್ಡಲ್ಲಿ 8 ಬಟನ್ನಿನ ಕಂಟ್ರೋಲರ್ ಮಾಡ್ತಿದೀನಿ, ಎಸ್‌ಪಿ ರೋಡಲ್ಲಿ ತಂದ ನಾಲ್ಕು ಕಾಲಿನ ಪುಶ್ ಬಟನ್, ಪ್ಲೈವುಡ್ ಡಬ್ಬ. ಬಟನ್ನಿನ ಒಂದು ಕಾಲು 5 ವೋಲ್ಟಿಗೆ ಇನ್ನೊಂದು ಪಿನ್ನಿಗೆ, ಅಷ್ಟೇ ವೈರಿಂಗು, ಪಿನ್ ಹೈ (ಅಂದ್ರೆ 5 ವೋಲ್ಟ್) ಆದ್ರೆ ಒತ್ತಿದಾರೆ ಅಂತ ಕೋಡು. ಒತ್ತಿದ್ರೆ ತಗೊಳುತ್ತೆ, ಆದ್ರೆ ಬಿಟ್ಮೇಲೆ ವೈರ್ ಹತ್ರ ಕೈ ತಂದ್ರೂ ಸಾಕು ಮೂರ್ನಾಲ್ಕು ಬಟನ್ ಒಟ್ಟಿಗೆ ಪಟಪಟ ಅಂತ ಆನ್ ಆಫ್ ಆಗ್ತವೆ. 4ನೇ ಬಟನ್ನಂತೂ ಯಾವಾಗ್ಲೂ ಒತ್ತಿಟ್ಟ ಹಾಗೇ ಇರುತ್ತೆ. ಎರಡು ಸಲ ಬಿಚ್ಚಿ ಸೋಲ್ಡರ್ ಮಾಡಿದೆ, ಬೋರ್ಡೇ ಹೋಗಿದ್ಯಾ? ಶನಿವಾರ ಅವನ ಬರ್ತ್‌ಡೇ.

ಉತ್ತರ:
ಬೋರ್ಡಿಗೇನೂ ಆಗಿಲ್ಲ ಅನ್ಸುತ್ತೆ, ಹೊಸದು ತರ್ಬೇಡಿ. ಬಟನ್ ಬಿಟ್ಟಾಗ ಆ ಪಿನ್ನು ಯಾವುದಕ್ಕೂ ಸೇರಿರಲ್ಲ, ಗಾಳೀಲಿ ನೇತಾಡ್ತಿರುತ್ತೆ. ಇನ್‌ಪುಟ್ ಪಿನ್ನಿಗೆ ಬೇಕಾಗಿರೋ ಕರೆಂಟು ಎಷ್ಟು ಕಮ್ಮಿ ಅಂದ್ರೆ ಆ ವೈರೇ ಆಂಟೆನಾ ಆಗಿ ಮನೆ ಲೈನಿನ 50 ಹರ್ಟ್ಜ್ ಗಲಾಟೇನೆಲ್ಲ ಹಿಡ್ಕೊಳ್ಳುತ್ತೆ, ನಿಮ್ಮ ಕೈ ಹತ್ರ ಬಂದ್ರೆ ಇನ್ನೂ ಜಾಸ್ತಿ. 5 ವೋಲ್ಟಿನ ವೈರ್ ಪೂರ್ತಿ ತೆಗ್ದು ಆ ಕಾಲನ್ನ ಗ್ರೌಂಡಿಗೆ ಹಾಕಿ, ಕೋಡಲ್ಲಿ ಪಿನ್ ಮೋಡನ್ನ ಇನ್‌ಪುಟ್ ಪುಲ್‌ಅಪ್ ಮಾಡಿ. ಚಿಪ್ ಒಳಗೇ 20ರಿಂದ 50 ಕಿಲೋ ಓಮಿನ ರೆಸಿಸ್ಟರ್ ಇದೆ, ಅದು ಪಿನ್ನನ್ನ ಹೈ ಆಗಿ ಹಿಡ್ಕೊಂಡಿರುತ್ತೆ. ಇನ್ಮೇಲೆ ಒತ್ತಿದ್ರೆ ಲೋ (ಅಂದ್ರೆ ಸೊನ್ನೆ ವೋಲ್ಟ್) ಬರುತ್ತೆ, ಕೋಡಲ್ಲಿ ಅದನ್ನ ತಿರುಗಿಸೋದು ಮರೀಬೇಡಿ.

4ನೇದು ಬೇರೆ ಕಥೆ. ನಾಲ್ಕು ಕಾಲಲ್ಲಿ ಎರಡೆರಡು ಒಳಗೇ ಜೋಡಿಯಾಗಿರುತ್ವೆ, ನೀವು ಒಂದೇ ಜೋಡಿಯ ಎರಡು ಕಾಲಿಗೆ ವೈರ್ ಹಾಕಿರ್ಬೇಕು. ಮಲ್ಟಿಮೀಟರನ್ನ ಬೀಪ್ ಮೋಡಿಗಿಟ್ಟು ಬಟನ್ ಒತ್ತದೇ ಮುಟ್ಟಿಸಿ ನೋಡಿ, ಬೀಪ್ ಬಂದ್ರೆ ತಪ್ಪು ಕಾಲು. ಮೂಲೆಯಿಂದ ಎದುರು ಮೂಲೆಗೆ ಹಾಕಿದ್ರೆ ಎಂದೂ ತಪ್ಪಲ್ಲ.

ಪ್ರಶ್ನೆ:
ಸರ್ ತುಂಬಾ ಥ್ಯಾಂಕ್ಸ್, ಕೈ ಹತ್ರ ತಂದ್ರೆ ಈಗ ಏನೂ ಆಗಲ್ಲ! 4ನೇ ಬಟನ್ ಒತ್ತದೇನೇ ಬೀಪ್ ಅಂತು, ವೈರ್ ಎದುರು ಮೂಲೆಗೆ ಹಾಕ್ದೆ, ಸರಿ ಹೋಯ್ತು. ಆದ್ರೆ ಜಂಪ್ ಒಂದ್ಸಲ ಒತ್ತಿದ್ರೆ ಒಂದೊಂದ್ಸಲ ಎರಡು ಸಲ ಹಾರುತ್ತೆ.

ಉತ್ತರ:
ಅದು ಬೌನ್ಸು. ಒಳಗಿನ ತಗಡು ತಗಲೋವಾಗ ಕೆಲವು ಮಿಲಿಸೆಕೆಂಡ್ ಅದುರುತ್ತೆ, ಬೋರ್ಡು ಆ ಅದುರಾಟಾನೂ ಎಣಿಸಿಬಿಡುತ್ತೆ. ಪ್ರತಿ ಬಟನ್ನಿಗೂ ಕೊನೇ ಸಲ ಬದಲಾದ ಟೈಮನ್ನ ಮಿಲ್ಲಿಸ್ ಫಂಕ್ಷನ್ನಿಂದ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಹೇಳುತ್ತೆ) ಬರೆದಿಟ್ಕೊಂಡು ಆಮೇಲಿನ 10 ಮಿಲಿಸೆಕೆಂಡಲ್ಲಿ ಬರೋ ಬದಲಾವಣೇನ ಬಿಟ್ಬಿಡಿ. ಕೋಡನ್ನೇ ನಿಲ್ಲಿಸಿ ಕಾಯಿಸೋ ಡಿಲೇ ಮಾತ್ರ ಹಾಕ್ಬೇಡಿ, 8 ಬಟನ್ನಿಗೂ ಹತ್ತತ್ತು ಅಂದ್ರೆ ಒಂದು ಸುತ್ತಿಗೆ 80 ಮಿಲಿಸೆಕೆಂಡ್ ಆಯ್ತು, ಆಡೋವ್ನ ಕೈಗೆ ಅದು ಗೊತ್ತಾಗೇ ಆಗುತ್ತೆ. ಟೆಸ್ಟನ್ನ ಗೇಮಲ್ಲಿ ಮಾಡ್ಬೇಡಿ, ವಿಂಡೋಸ್ ರನ್ ಬಾಕ್ಸಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಹೊಡೀರಿ, ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರ್ಕೊಳ್ಳುತ್ತೆ, ಯಾವ ಬಟನ್ ಹತ್ತಿದೆ ಅಂತ ಅಲ್ಲೇ ಕಾಣುತ್ತೆ.

ಪ್ರಶ್ನೆ:
ಹಾಕ್ದೆ ಸರ್, ಐವತ್ತು ಸಲ ಒತ್ತಿ ನೋಡ್ದೆ, ಐವತ್ತೂ ಒಂದೊಂದೇ ಬಂತು. ಈಗ ಡಬ್ಬಕ್ಕೆ ಬಣ್ಣ ಹೊಡೀತಿದೀನಿ, ಶನಿವಾರದೊಳಗೆ ಒಣಗುತ್ತೆ.